ತುಣುಕು ತುಣುಕಾಗಿ ಬರುವ ಕಡತ: ವೇಗ ಮತ್ತು ಸುರಕ್ಷತೆಯ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ. ಕೇಂದ್ರದಲ್ಲೊಂದು ಸರ್ವರ್ ಇಲ್ಲದೆ ಬಳಕೆದಾರರ ಕಂಪ್ಯೂಟರ್‌ಗಳೇ ಪರಸ್ಪರ ಕಡತಗಳನ್ನು ಕೊಟ್ಟು ಪಡೆಯುವ ಪೀರ್-ಟು-ಪೀರ್ ಜಾಲಗಳಲ್ಲಿ ವೇಗವನ್ನೂ ಸುರಕ್ಷತೆಯನ್ನೂ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಇಂಥ ಜಾಲಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಬ್ರಾಮ್ ಕೋಹೆನ್ 2001ರಲ್ಲಿ ಬಿಡುಗಡೆ ಮಾಡಿದ ಬಿಟ್‌ಟೊರೆಂಟ್ (ಆಡುಮಾತಿನಲ್ಲಿ ‘ಟೊರೆಂಟ್’) ಆದ್ದರಿಂದ, ಉತ್ತರಗಳಲ್ಲಿ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ 40 ಕಂಪ್ಯೂಟರ್‌ಗಳಿವೆ. ಪ್ರತಿ ಸೆಮಿಸ್ಟರ್ ಆರಂಭದಲ್ಲಿ ಸುಮಾರು 4 ಜಿಬಿ ಗಾತ್ರದ ಲಿನಕ್ಸ್ ಕಡತವೊಂದನ್ನು ಎಲ್ಲಕ್ಕೂ ತಲುಪಿಸಬೇಕು. ಒಂದು ಸರ್ವರ್‌ನಿಂದ ಎಲ್ಲಕ್ಕೂ ನಕಲು ಮಾಡಿದರೆ ಅರ್ಧ ದಿನ ಹೋಗುತ್ತದೆ. ಟೊರೆಂಟ್ ಬಳಸಿದರೆ ನಿಜವಾಗಿಯೂ ಬೇಗ ಮುಗಿಯುತ್ತದೆಯೇ?
— ಉಪನ್ಯಾಸಕಿ, ಹಾಸನ

ಉತ್ತರ: ಮುಗಿಯುತ್ತದೆ, ಮತ್ತು ಎಷ್ಟು ಬೇಗ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಬೈಟ್‌ಗೆ 8 ಬಿಟ್‌ನಂತೆ 4 ಜಿಬಿ ಎಂದರೆ ಸ್ಥೂಲವಾಗಿ 32 ಗಿಗಾಬಿಟ್. ಅದನ್ನು 40 ಕಂಪ್ಯೂಟರ್‌ಗಳಿಗೆ ಕೊಡಬೇಕಾದರೆ ಸರ್ವರ್ ಒಟ್ಟು 1280 ಗಿಗಾಬಿಟ್ ಕಳುಹಿಸಬೇಕು. ಅದರ ಜಾಲಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್ ವೇಗದ್ದಾದರೆ ಈ ಕೆಲಸಕ್ಕೆ 12,800 ಸೆಕೆಂಡುಗಳು, ಅಂದರೆ ಮೂರೂವರೆ ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಈ ಹೊತ್ತಿನಲ್ಲಿ ಉಳಿದ 40 ಕಂಪ್ಯೂಟರ್‌ಗಳ ಕಳುಹಿಸುವ ಸಾಮರ್ಥ್ಯವೆಲ್ಲ ಸುಮ್ಮನೆ ಕುಳಿತಿರುತ್ತದೆ ಎಂಬುದನ್ನು ಗಮನಿಸಿ. ಆ ಸಾಮರ್ಥ್ಯವನ್ನೂ ಕೆಲಸಕ್ಕೆ ಹಚ್ಚಿದರೆ, ಪ್ರತಿಯೊಂದರ ಸಂಪರ್ಕವೂ 100 ಮೆಗಾಬಿಟ್ ಎಂದುಕೊಂಡರೂ, ಸರ್ವರ್ ಸೇರಿ ಒಟ್ಟು 4100 ಮೆಗಾಬಿಟ್ ಸಿಗುತ್ತದೆ, ಮತ್ತು 1280 ಗಿಗಾಬಿಟ್ ಸಾಗಿಸಲು 312 ಸೆಕೆಂಡು ಸಾಕು. ಆದರೆ ಸರ್ವರ್ ತನ್ನ ಒಂದು ಪ್ರತಿಯನ್ನಾದರೂ ಪೂರ್ತಿ ಹೊರಗೆ ಕಳುಹಿಸಲೇಬೇಕಾದ್ದರಿಂದ 320 ಸೆಕೆಂಡಿಗಿಂತ ಕಡಿಮೆಯಾಗುವುದು ಸಾಧ್ಯವಿಲ್ಲ. ಇದು ಕಾಗದದ ಮೇಲಿನ ಮಿತಿ. ಅದರ ಎರಡು ಪಟ್ಟು ಹಿಡಿದರೂ ನಿಮ್ಮ ಅರ್ಧ ದಿನದ ಕೆಲಸ ಹತ್ತು-ಹನ್ನೊಂದು ನಿಮಿಷಕ್ಕೆ ಇಳಿಯುತ್ತದೆ. ಟ್ವಿಟರ್ ಸಂಸ್ಥೆ ತನ್ನ ಸಾವಿರಾರು ಸರ್ವರ್‌ಗಳಿಗೆ ಹೊಸ ತಂತ್ರಾಂಶವನ್ನು ತಲುಪಿಸಲು 2010ರಲ್ಲಿ ಇದೇ ದಾರಿ ಹಿಡಿದು, 40 ನಿಮಿಷದ ಕೆಲಸವೊಂದನ್ನು 12 ಸೆಕೆಂಡಿಗೆ ಇಳಿಸಿತ್ತು.

ಈ ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಎಲ್ಲಿ ತಪ್ಪಿಹೋಗುತ್ತದೆ ಎಂಬುದೂ ತಿಳಿಯುತ್ತದೆ. ಕಡತವನ್ನು ನೂರಾರು ತುಣುಕುಗಳಾಗಿ ಕತ್ತರಿಸಿರುವುದರಿಂದ, ಒಂದೇ ಒಂದು ತುಣುಕು ಕೈಸೇರಿದ ಕಂಪ್ಯೂಟರ್ ಕೂಡ ಆ ಕ್ಷಣದಿಂದಲೇ ಕೊಡುವವರ ಸಾಲಿಗೆ ಸೇರುತ್ತದೆ. ಯಾವ ತುಣುಕನ್ನು ಮೊದಲು ಕೇಳಬೇಕು ಎಂಬುದಕ್ಕೆ ಬಿಟ್‌ಟೊರೆಂಟ್‌ನಲ್ಲಿ ಒಂದು ನಿಯಮವಿದೆ: ತನಗೆ ಕಾಣುವ ಜಾಲದಲ್ಲಿ ಅತಿ ಕಡಿಮೆ ಜನರ ಬಳಿ ಇರುವ ತುಣುಕಿಗೇ ಮೊದಲ ಆದ್ಯತೆ. ಇದರಿಂದ 40 ಕಂಪ್ಯೂಟರ್‌ಗಳೂ ಒಂದೇ ತುಣುಕಿಗಾಗಿ ಮುಗಿಬೀಳದೆ ಬೇರೆ ಬೇರೆ ತುಣುಕುಗಳನ್ನು ಪಡೆದು, ಪರಸ್ಪರ ಬದಲಾಯಿಸಿಕೊಳ್ಳುವ ಸ್ಥಿತಿಗೆ ಬೇಗನೆ ಬರುತ್ತವೆ. ಕೊಡುಕೊಳ್ಳುವಿಕೆಯ ನಿಯಮವಂತೂ ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನೇ ನೆನಪಿಸುತ್ತದೆ. ನಮ್ಮ ಗದ್ದೆಯ ನಾಟಿಗೆ ಬಂದವರ ಗದ್ದೆಗೆ ನಾವು ಹೋಗುವಂತೆ, ಪ್ರತಿ ಕಂಪ್ಯೂಟರ್ ತನಗೆ ಹೆಚ್ಚು ಕೊಟ್ಟವರಲ್ಲಿ ಕೆಲವರನ್ನು ಆರಿಸಿ ಅವರಿಗೇ ಕೊಡುತ್ತದೆ, ಮತ್ತು ಸುಮಾರು ಹತ್ತು ಸೆಕೆಂಡಿಗೊಮ್ಮೆ ಈ ಆಯ್ಕೆಯನ್ನು ಮರುಪರಿಶೀಲಿಸುತ್ತದೆ. ಹೊಸಬರಿಗೆ ಕೊಡಲು ಇನ್ನೂ ಏನೂ ಇಲ್ಲವಾದ್ದರಿಂದ ಮೂವತ್ತು ಸೆಕೆಂಡಿಗೊಮ್ಮೆ ಅಪರಿಚಿತರೊಬ್ಬರಿಗೆ ಲೆಕ್ಕವಿಡದೆ ಕೊಡುವ ಅವಕಾಶವನ್ನೂ ಇಟ್ಟಿದ್ದಾರೆ.

ನಿಮ್ಮ ಪ್ರಯೋಗಾಲಯದಲ್ಲಿ ಇದು ಫಲಿಸಬೇಕಾದರೆ ಕಂಪ್ಯೂಟರ್‌ಗಳು ತಂತಿಯ ಮೂಲಕ ಒಂದು ನೆಟ್‌ವರ್ಕ್ ಸ್ವಿಚ್‌ಗೆ ಸೇರಿರಬೇಕು. ಸ್ವಿಚ್‌ನಲ್ಲಿ ಪ್ರತಿ ಪೋರ್ಟ್‌ಗೂ ತನ್ನದೇ ಆದ ವೇಗವಿರುತ್ತದೆ. ಆದರೆ ಒಂದೇ ವೈ-ಫೈ ಉಪಕರಣಕ್ಕೆ 40 ಯಂತ್ರಗಳನ್ನು ಜೋಡಿಸಿದರೆ ಎಲ್ಲವೂ ಒಂದೇ ರೇಡಿಯೋ ಕಾಲುವೆಯ ನೀರನ್ನು ಹಂಚಿಕೊಳ್ಳಬೇಕಾಗುತ್ತದೆ, ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳುಹಿಸುವ ಪ್ರತಿ ತುಣುಕೂ ಗಾಳಿಯಲ್ಲಿ ಎರಡು ಬಾರಿ ಸಾಗುತ್ತದೆ, ಲಾಭವೆಲ್ಲ ಕರಗುತ್ತದೆ. ಟೊರೆಂಟ್ ತಂತ್ರಾಂಶದಲ್ಲಿ ‘ಲೋಕಲ್ ಪೀರ್ ಡಿಸ್ಕವರಿ’ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಒಂದೇ ಸ್ಥಳೀಯ ಜಾಲದಲ್ಲಿರುವ ಯಂತ್ರಗಳು ಇಂಟರ್ನೆಟ್‌ನ ಹಂಗಿಲ್ಲದೆ ಒಂದನ್ನೊಂದು ಗುರುತಿಸುತ್ತವೆ. ಇನ್ನೊಂದು ಮಾತು: ಕಡತ ಮೊದಲು ಪೂರ್ತಿಯಾದ ಯಂತ್ರಗಳನ್ನು ತಕ್ಷಣ ಮುಚ್ಚದೆ, ಕೊನೆಯದು ಮುಗಿಯುವವರೆಗೆ ನಡೆಯಲು ಬಿಡಿ.

ಪ್ರಶ್ನೆ: ಯಾರೆಂದೇ ಗೊತ್ತಿಲ್ಲದ ನೂರಾರು ಜನರಿಂದ ಬಂದ ತುಣುಕುಗಳನ್ನು ನಂಬುವುದು ಹೇಗೆ? ಯಾರಾದರೂ ನಡುವೆ ವೈರಸ್ ಸೇರಿಸಿದರೆ? ಟೊರೆಂಟ್ ಬಳಸುವ ಷಾ-1 ವಿಧಾನವೇ ಮುರಿದುಬಿದ್ದಿದೆ ಎಂದು ನನ್ನ ಸಹಪಾಠಿ ಹೇಳುತ್ತಾನೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ಪೀರ್-ಟು-ಪೀರ್ ಜಾಲದಲ್ಲಿ ಕೊಡುವವರನ್ನು ನಂಬುವ ಅಗತ್ಯವೇ ಬರದಂತೆ ವ್ಯವಸ್ಥೆ ಮಾಡಲಾಗಿದೆ; ಅಲ್ಲಿ ಪರೀಕ್ಷೆಗೆ ಒಳಗಾಗುವುದು ಬಂದ ವಸ್ತು ಮಾತ್ರ. ಇಳಿಸಿಕೊಳ್ಳಬೇಕಾದದ್ದರ ವಿವರವಿರುವ ಸಣ್ಣ ಟೊರೆಂಟ್ ಕಡತದೊಳಗೆ ಪ್ರತಿ ತುಣುಕಿನ ಹ್ಯಾಶ್, ಅಂದರೆ ಆ ತುಣುಕಿನ ಬೆರಳಚ್ಚಿನಂತಿರುವ 20 ಬೈಟ್‌ಗಳ ಸಂಖ್ಯೆ, ಮೊದಲೇ ದಾಖಲಾಗಿರುತ್ತದೆ. ತುಣುಕು ಬಂದೊಡನೆ ನಿಮ್ಮ ತಂತ್ರಾಂಶ ಅದರ ಹ್ಯಾಶ್ ಲೆಕ್ಕ ಹಾಕಿ ಹೋಲಿಸುತ್ತದೆ, ಒಂದು ಬಿಟ್ ವ್ಯತ್ಯಾಸವಿದ್ದರೂ ಎಸೆದು ಬೇರೆಯವರಿಂದ ತರಿಸುತ್ತದೆ. ಪರೀಕ್ಷೆಯಲ್ಲಿ ಗೆಲ್ಲದ ತುಣುಕನ್ನು ಮುಂದಕ್ಕೆ ಹಂಚುವುದೂ ಇಲ್ಲ. ಯಾವ ತುಣುಕನ್ನು ಯಾರಿಂದ ಬೇಕಾದರೂ ತೆಗೆದುಕೊಳ್ಳಬಹುದು ಎಂಬ ಸ್ವಾತಂತ್ರ್ಯವೇ ವೇಗಕ್ಕೆ ಕಾರಣ, ಆ ಸ್ವಾತಂತ್ರ್ಯವನ್ನು ಕೊಟ್ಟದ್ದು ಈ ಪರೀಕ್ಷೆ. ಸುರಕ್ಷತೆ ಹೆಚ್ಚಿಸಿದರೆ ವೇಗ ತಗ್ಗುತ್ತದೆ ಎಂಬ ಸಾಮಾನ್ಯ ಅಭಿಪ್ರಾಯವನ್ನು ನಾನು ಈ ವಿಷಯದಲ್ಲಿ ಒಪ್ಪದಿರುವುದು ಇದೇ ಕಾರಣಕ್ಕೆ.

ಈ ಪರೀಕ್ಷೆಯಲ್ಲಿ ಕೈಬಿಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕಜಾ ಎಂಬ ಹಳೆಯ ಜಾಲವೇ ಸಾಕ್ಷಿ. 2000ದ ದಶಕದ ಆರಂಭದಲ್ಲಿ ಬಹು ಜನಪ್ರಿಯವಾಗಿದ್ದ ಅದು, ದೊಡ್ಡ ಕಡತಗಳ ಹ್ಯಾಶ್ ಬೇಗ ಸಿಗಲೆಂದು, ಮೊದಲ 300 ಕೆಬಿಯನ್ನೂ ಮುಂದೆ 1, 2, 4, 8 ಎಂಬಿ ಹೀಗೆ ದುಪ್ಪಟ್ಟಾಗುತ್ತ ಹೋಗುವ ಸ್ಥಾನಗಳಲ್ಲಿ ಒಂದೊಂದು ಸಣ್ಣ ಭಾಗವನ್ನೂ ಕಡತದ ಕೊನೆಯ ಭಾಗವನ್ನೂ ಮಾತ್ರ ಪರೀಕ್ಷಿಸುತ್ತಿತ್ತು. ನಡುವಿನ ದೊಡ್ಡ ಭಾಗಗಳಿಗೆ ಕಾವಲೇ ಇರಲಿಲ್ಲ. ಅಲ್ಲಿ ಕಸ ತುಂಬಿದರೂ ಹ್ಯಾಶ್ ಬದಲಾಗುತ್ತಿರಲಿಲ್ಲವಾದ್ದರಿಂದ ಜಾಲದಲ್ಲಿ ಹಾಳಾದ ಕಡತಗಳು ಬೇಕಾಬಿಟ್ಟಿ ಹರಡಿದವು. ಒಮ್ಮೆ ಇಳಿಸಿಕೊಂಡ ಕಡತ ಕೆಟ್ಟಿದೆ ಎಂದು ತಿಳಿದು ಮತ್ತೆ ಇಳಿಸಿಕೊಳ್ಳಬೇಕಾದ ಬಳಕೆದಾರರಿಗೆ ಆ ಉಳಿತಾಯದಿಂದ ಸಿಕ್ಕ ವೇಗವಾದರೂ ಏನು?

ಇನ್ನು ಈ ಹ್ಯಾಶ್ ಲೆಕ್ಕ ಹಾಕುವ ಷಾ-1 ವಿಧಾನದ ವಿಷಯ. ನಿಮ್ಮ ಸಹಪಾಠಿಯ ಮಾತಿನಲ್ಲಿ ಅರ್ಧ ಸತ್ಯವಿದೆ. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯ ಸಂಶೋಧಕರು ಒಂದೇ ಷಾ-1 ಹ್ಯಾಶ್ ಇರುವ ಎರಡು ಬೇರೆ ಬೇರೆ ಪಿಡಿಎಫ್ ಕಡತಗಳನ್ನು ಸೃಷ್ಟಿಸಿ ತೋರಿಸಿದರು. ಆದರೆ ಅವರು ಎರಡೂ ಕಡತಗಳನ್ನು ತಾವೇ ಒಟ್ಟಿಗೆ ರೂಪಿಸಿದ್ದರು ಎಂಬುದು ಇಲ್ಲಿ ಮುಖ್ಯ. ಬೇರೆ ಯಾರೋ ಈಗಾಗಲೇ ಪ್ರಕಟಿಸಿದ ತುಣುಕಿನ ಹ್ಯಾಶ್‌ಗೆ ಸರಿಹೊಂದುವ ನಕಲಿ ತುಣುಕನ್ನು ತಯಾರಿಸುವುದು ಇದಕ್ಕಿಂತ ಬಹಳ ಕಠಿಣವಾದ ಬೇರೆಯೇ ಸಮಸ್ಯೆ, ಅದನ್ನು ಯಾರೂ ಬಿಡಿಸಿ ತೋರಿಸಿಲ್ಲ. ಹಾಗಾಗಿ ಪ್ರಾಮಾಣಿಕರು ಮಾಡಿದ ಹಳೆಯ ಟೊರೆಂಟ್‌ಗೆ ದಾರಿಹೋಕನೊಬ್ಬ ವಿಷ ಬೆರೆಸಲಾರ. ಟೊರೆಂಟ್ ತಯಾರಿಸಿದವನೇ ವಂಚಕನಾಗಿದ್ದರೆ ಮಾತ್ರ ಒಬ್ಬರಿಗೆ ಒಳ್ಳೆಯದನ್ನೂ ಇನ್ನೊಬ್ಬರಿಗೆ ಕೆಟ್ಟದ್ದನ್ನೂ ಒಂದೇ ಹೆಸರಿನಡಿ ಹಂಚುವ ಅವಕಾಶ ಅವನಿಗಿದೆ. ಅಷ್ಟು ಬಿರುಕೂ ಇರಬಾರದೆಂದು ಬಿಟ್‌ಟೊರೆಂಟ್‌ನ ಎರಡನೆಯ ಆವೃತ್ತಿ ಇನ್ನೂ ಬಲವಾದ ಷಾ-256 ವಿಧಾನಕ್ಕೆ ಬದಲಾಗಿದೆ.

ಆ ಎರಡನೆಯ ಆವೃತ್ತಿಯ ಇನ್ನೊಂದು ಸುಧಾರಣೆ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು. ಹಳೆಯ ಪದ್ಧತಿಯಲ್ಲಿ 4 ಜಿಬಿ ಕಡತವನ್ನು 256 ಕೆಬಿಯ ತುಣುಕುಗಳಾಗಿ ಕತ್ತರಿಸಿದರೆ 16,384 ತುಣುಕುಗಳಾಗಿ, ಅವುಗಳ ಹ್ಯಾಶ್‌ಗಳೇ 320 ಕೆಬಿ ಆಗುತ್ತಿದ್ದವು. ಈ ಭಾರ ಇಳಿಸಲು 4 ಎಂಬಿಯ ದೊಡ್ಡ ತುಣುಕು ಮಾಡಿದರೆ ಹ್ಯಾಶ್‌ಗಳು 20 ಕೆಬಿಗೆ ಇಳಿಯುತ್ತವೆ, ಆದರೆ ಎಲ್ಲೋ ಒಂದು ಬೈಟ್ ಕೆಟ್ಟರೆ ಇಡೀ 4 ಎಂಬಿಯನ್ನು ಮತ್ತೆ ತರಿಸಬೇಕು, ಕೆಡಿಸಿದವರು ಯಾರೆಂಬುದೂ ಗೊತ್ತಾಗುವುದಿಲ್ಲ. ಹೊಸ ಆವೃತ್ತಿಯಲ್ಲಿ ಕಡತವನ್ನು 16 ಕೆಬಿಯ ಚೂರುಗಳಾಗಿ ಮಾಡಿ, ಎರಡೆರಡು ಹ್ಯಾಶ್‌ಗಳನ್ನು ಕೂಡಿಸಿ ಮೇಲಿನ ಹ್ಯಾಶ್, ಅವುಗಳಲ್ಲಿ ಎರಡೆರಡನ್ನು ಕೂಡಿಸಿ ಅದಕ್ಕೂ ಮೇಲಿನದು ಎಂದು ಮರದಂತೆ ಕಟ್ಟುತ್ತಾರೆ. ಇದಕ್ಕೆ ಮರ್ಕಲ್ ಮರ ಎಂದು ಹೆಸರು. ಹೀಗೆ ಕೊನೆಗೆ ಉಳಿಯುವ ಒಂದೇ ಹ್ಯಾಶ್ ಈ ಮರದ ಬುಡ; ಅದು ನಂಬಿಕಸ್ಥವಾಗಿದ್ದರೆ ಸಾಕು, ತುದಿಯ ಯಾವುದೇ ಚೂರನ್ನು ಅದರ ಕೊಂಬೆಯ ಕೆಲವೇ ಹ್ಯಾಶ್‌ಗಳ ನೆರವಿನಿಂದ ಬಂದೊಡನೆ ಪರೀಕ್ಷಿಸಬಹುದು. ಕೆಟ್ಟದ್ದು ಕೊಟ್ಟವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ.

ಆದರೆ ಹ್ಯಾಶ್ ಉತ್ತರಿಸುವುದು ‘ಟೊರೆಂಟ್ ಮಾಡಿದವರು ಕೊಟ್ಟದ್ದೇ ನನಗೆ ಬಂದಿದೆಯೇ’ ಎಂಬ ಪ್ರಶ್ನೆಗೆ ಮಾತ್ರ. ಅವರು ಕೊಟ್ಟದ್ದರಲ್ಲೇ ವೈರಸ್ ಇದ್ದರೆ ಆ ವೈರಸ್ಸೂ ಅಚ್ಚುಕಟ್ಟಾಗಿ ಪರೀಕ್ಷೆಯಲ್ಲಿ ಗೆದ್ದು ಬರುತ್ತದೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ ಹಿಂಬಾಗಿಲಿರುವ ಕಡತವನ್ನು ಹಂಚಿದ್ದರು. ಟೊರೆಂಟ್ ಮೂಲಕ ಪಡೆದವರಿಗೆ ಆಗ ತೊಂದರೆಯಾಗಲಿಲ್ಲ. ಮರುತಿಂಗಳೇ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶದ ಜಾಲತಾಣಕ್ಕೂ ಅದೇ ಗತಿಯಾಗಿ, ಮ್ಯಾಕ್ ಕಂಪ್ಯೂಟರ್‌ಗಳಿಗಾಗಿ ಇದ್ದ ಅದರ 2.90 ಆವೃತ್ತಿಯೊಳಗೆ ಹಣಕ್ಕಾಗಿ ಕಡತಗಳಿಗೆ ಬೀಗ ಹಾಕುವ ಕೆರೇಂಜರ್ ಎಂಬ ಕುತಂತ್ರಾಂಶ ಸೇರಿಕೊಂಡಿತ್ತು. ಆದ್ದರಿಂದ ಕಾರ್ಯಾಚರಣಾ ವ್ಯವಸ್ಥೆಯಂತಹ ಮುಖ್ಯ ಕಡತವನ್ನು ಪಡೆದ ಮೇಲೆ, ಅದರ ಷಾ-256 ಮೊತ್ತವನ್ನು (ಇಡೀ ಕಡತದ ಹ್ಯಾಶ್) ಮೂಲ ತಂಡ ತನ್ನ ಡಿಜಿಟಲ್ ಸಹಿಯೊಂದಿಗೆ ಪ್ರಕಟಿಸಿದ ಮೊತ್ತದೊಡನೆ ಹೋಲಿಸಿ ನೋಡಿ. ಲಿನಕ್ಸ್ ಆವೃತ್ತಿಗಳಾದ ಡೆಬಿಯನ್, ಉಬುಂಟುಗಳ ತಂಡಗಳು ಇಂಥ ಸಹಿ ಮಾಡಿದ ಪಟ್ಟಿಗಳನ್ನು ಪ್ರಕಟಿಸುತ್ತವೆ. ಸಹಿಯನ್ನು ಪರೀಕ್ಷಿಸದೆ ಮೊತ್ತವನ್ನಷ್ಟೇ ಹೋಲಿಸಿದರೆ, ಜಾಲತಾಣಕ್ಕೆ ನುಗ್ಗಿದವರು ಮೊತ್ತವನ್ನೂ ಬದಲಿಸಿರಬಹುದು ಎಂಬುದು ನೆನಪಿರಲಿ.

ಪ್ರಶ್ನೆ: ಮನೆಯಲ್ಲಿ ಟೊರೆಂಟ್ ಚಾಲೂ ಮಾಡಿದೊಡನೆ ಉಳಿದವರ ವಿಡಿಯೋ ಕರೆ ನಿಂತು ನಿಂತು ಬರುತ್ತದೆ, ಜಾಲತಾಣಗಳು ತೆರೆಯುವುದಿಲ್ಲ. ಇಷ್ಟಾದರೂ ಟೊರೆಂಟ್ ವೇಗವೂ ಏರುವುದಿಲ್ಲ. ದೋಷ ಎಲ್ಲಿದೆ?
— ಓದುಗರು, ಶಿರಸಿ

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ದೋಷ ಇರುವುದು ಅಪ್‌ಲೋಡ್ ಮಿತಿಯಲ್ಲಿ. ನಾವು ಏನನ್ನೇ ಇಳಿಸಿಕೊಳ್ಳುವಾಗಲೂ ‘ಇಷ್ಟು ತಲುಪಿತು’ ಎಂಬ ಸಣ್ಣ ರಸೀದಿಗಳು ಅಪ್‌ಲೋಡ್ ದಾರಿಯಲ್ಲಿ ಹಿಂದಿರುಗಬೇಕು. ಟೊರೆಂಟ್ ಆ ದಾರಿಯನ್ನು ಪೂರ್ತಿ ತುಂಬಿದರೆ ರಸೀದಿಗಳು ರೂಟರ್‌ನ ಸರದಿಯಲ್ಲಿ ಸಿಕ್ಕಿಕೊಳ್ಳುತ್ತವೆ, ಅವು ತಡವಾದಷ್ಟೂ ಕಳುಹಿಸುವವರು ವೇಗ ತಗ್ಗಿಸುತ್ತಾರೆ, ಹೀಗೆ ಡೌನ್‌ಲೋಡ್ ಕೂಡ ಕುಸಿಯುತ್ತದೆ. ಟೊರೆಂಟ್ ನಿಂತಿರುವಾಗ ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗವನ್ನು ಅಳೆದು, ಅದರ ಸುಮಾರು ಮುಕ್ಕಾಲು ಭಾಗವನ್ನು ತಂತ್ರಾಂಶದಲ್ಲಿ ಮಿತಿಯಾಗಿ ಇಡಿ. ಸೊನ್ನೆಗೆ ಹತ್ತಿರ ಇಳಿಸಬೇಡಿ. ಮುಯ್ಯಿ ತೀರಿಸದವರಿಗೆ ಆಳು ಸಿಗದಂತೆ, ಏನೂ ಕೊಡದವರಿಗೆ ಈ ಜಾಲದಲ್ಲಿ ಸಿಗುವುದೂ ಕಡಿಮೆ. ಯುಟಿಪಿ ಎಂಬ ಸಾಗಣೆ ವಿಧಾನವನ್ನೂ ಚಾಲೂ ಇಡಿ. ಸರದಿಯಲ್ಲಿನ ವಿಳಂಬ 100 ಮಿಲಿಸೆಕೆಂಡಿನತ್ತ ಏರುತ್ತಿದ್ದಂತೆ ತಾನಾಗಿ ಹಿಂದೆ ಸರಿದು ಮನೆಯವರ ಕರೆಗೆ ದಾರಿ ಬಿಡುವಂತೆ ಅದನ್ನು ರೂಪಿಸಿದ್ದಾರೆ, ಮತ್ತು ಅದರ ಹಿಂದಿನ ತತ್ವ 2012ರಲ್ಲಿ ಇಂಟರ್ನೆಟ್‌ನ ಆರ್‌ಎಫ್‌ಸಿ 6817 ದಾಖಲೆಯಾಗಿಯೂ ಪ್ರಕಟವಾಗಿದೆ.

ಎರಡನೆಯದಾಗಿ, ನಿಮ್ಮ ರೂಟರ್‌ನ ಪುಟದಲ್ಲಿ ಹೊರಗಿನ ಐಪಿ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗಿದೆಯೇ ನೋಡಿ. ಹೌದಾದರೆ, ಸೇವಾ ಸಂಸ್ಥೆ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆ ಎಂದರ್ಥ. ಆಗ ಹೊರಗಿನವರು ನಿಮ್ಮನ್ನು ತಾವಾಗಿ ಸಂಪರ್ಕಿಸಲಾರರು, ನಿಮ್ಮಂಥದೇ ಸ್ಥಿತಿಯಲ್ಲಿರುವ ಇನ್ನೊಬ್ಬರೊಡನೆ ನೇರ ಸಂಪರ್ಕ ಸಾಧಿಸುವುದು ಇಬ್ಬರಿಗೂ ಕಷ್ಟ. ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನ ಸಂಪರ್ಕ ಒಳಬರುವ ಬಾಗಿಲು, ತೆರೆದರೂ ಪ್ರಯೋಜನವಾಗುವುದಿಲ್ಲ, ಏಕೆಂದರೆ ಮುಚ್ಚಿರುವ ಬಾಗಿಲು ನಿಮ್ಮ ಮನೆಯದಲ್ಲ. ಇದಕ್ಕೆ ಸರಿಯಾದ ಪರಿಹಾರ, ವಿಳಾಸಗಳನ್ನು ಹೀಗೆ ಹಂಚಿಕೊಳ್ಳುವ ಅಗತ್ಯವಿಲ್ಲದ ಹೊಸ ವಿಳಾಸ ಪದ್ಧತಿಯಾದ ಐಪಿವಿ6. ಭಾರತದ ದೊಡ್ಡ ಸೇವಾ ಸಂಸ್ಥೆಗಳು ಇದನ್ನು ವ್ಯಾಪಕವಾಗಿ ಕೊಡುತ್ತಿವೆ. ಆದರೆ ಮನೆಯ ರೂಟರ್‌ನಲ್ಲಿ ಅದು ಚಾಲೂ ಇರಬೇಕು, ಅದರ ಫೈರ್‌ವಾಲ್‌ನಲ್ಲಿ ಟೊರೆಂಟ್‌ನ ಒಂದು ಪೋರ್ಟ್‌ಗೆ ಮಾತ್ರ ಅನುಮತಿ ಇರಬೇಕು. ಫೈರ್‌ವಾಲ್ ಅನ್ನೇ ಪೂರ್ತಿ ತೆಗೆದುಹಾಕುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗನಿಗೆ ಜಮೀನಿನ ದಾಖಲೆಗಳ ಮತ್ತು ಕುಟುಂಬದ ಹಳೆಯ ಚಿತ್ರಗಳ ಸ್ಕ್ಯಾನ್ ಪ್ರತಿಗಳನ್ನು ಕಳುಹಿಸಬೇಕು, ಒಟ್ಟು 30 ಜಿಬಿ ಇದೆ. ಟೊರೆಂಟ್ ತಂತ್ರಾಂಶದಲ್ಲಿ ಎನ್‌ಕ್ರಿಪ್ಷನ್ ಆಯ್ಕೆ ಒತ್ತಿದರೆ ಸುರಕ್ಷಿತವೆಂದು ಪರಿಚಿತರು ಹೇಳಿದರು. ಮುಂದುವರಿಯಬಹುದೇ?
— ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ದಯವಿಟ್ಟು ಮುಂದುವರಿಯಬೇಡಿ. ಆ ಆಯ್ಕೆಯನ್ನು ಸೇರಿಸಿದ್ದು ಸೇವಾ ಸಂಸ್ಥೆಗಳು ಟೊರೆಂಟ್ ಸಂಚಾರವನ್ನು ಗುರುತಿಸಿ ತಡೆಯುವುದನ್ನು ತಪ್ಪಿಸುವುದಕ್ಕಾಗಿ. ಅಮೆರಿಕದ ಕಾಮ್‌ಕಾಸ್ಟ್ ಸಂಸ್ಥೆ ಇಂಥ ಸಂಪರ್ಕಗಳನ್ನು ನಡುವೆಯೇ ಕತ್ತರಿಸುತ್ತಿದ್ದದ್ದು 2007ರಲ್ಲಿ ಬೆಳಕಿಗೆ ಬಂದು ದೊಡ್ಡ ವಿವಾದವೇ ಆಗಿತ್ತು. ಆ ಎನ್‌ಕ್ರಿಪ್ಷನ್ ದಾರಿಯಲ್ಲಿ ಇಣುಕುವವರ ಕಣ್ಣಿಗೆ ಮುಸುಕು ಹಾಕುತ್ತದೆ, ಆದರೆ ಕಡತವನ್ನು ಕೇಳುವವರು ಯಾರೆಂದು ಪರೀಕ್ಷಿಸುವುದಿಲ್ಲ. ಟೊರೆಂಟ್‌ನ ಕೊಂಡಿ ಸಿಕ್ಕಿದ ಯಾರು ಬೇಕಾದರೂ ನಿಮ್ಮ ಜಮೀನಿನ ದಾಖಲೆಯನ್ನು ಇಳಿಸಿಕೊಳ್ಳಬಹುದು. ‘ಪ್ರೈವೇಟ್’ ಎಂದು ಗುರುತು ಹಾಕಿದ ಟೊರೆಂಟ್ ಕೂಡ ಸಾರ್ವಜನಿಕ ಹುಡುಕುಜಾಲದಿಂದ ದೂರ ಉಳಿಯುತ್ತದೆಯೇ ಹೊರತು ಅದಕ್ಕೆ ಬೀಗವೇನೂ ಇರುವುದಿಲ್ಲ. ನೀವು ಕೊಡುತ್ತಿರುವುದೇನು ಎಂಬುದರ ಜೊತೆಗೆ ನಿಮ್ಮ ಐಪಿ ವಿಳಾಸವೂ ಆ ಗುಂಪಿನಲ್ಲಿ ಸೇರಿದ ಎಲ್ಲರಿಗೂ ಕಾಣುತ್ತದೆ.

ನಿಮ್ಮ ಕೆಲಸಕ್ಕೆ ತಕ್ಕದ್ದು ಸಿಂಕ್‌ಥಿಂಗ್ ಎಂಬ ಉಚಿತ, ಮುಕ್ತ ತಂತ್ರಾಂಶ. ಅದೂ ಪೀರ್-ಟು-ಪೀರ್ ವಿಧಾನದ್ದೇ, ಕಡತಗಳು ಯಾವ ಸಂಸ್ಥೆಯ ಸರ್ವರ್‌ನಲ್ಲೂ ಉಳಿಯುವುದಿಲ್ಲ. ಪ್ರತಿ ಕಂಪ್ಯೂಟರ್‌ಗೂ ಅದರ ಪ್ರಮಾಣಪತ್ರದಿಂದಲೇ ಹುಟ್ಟಿದ ಉದ್ದನೆಯ ಗುರುತಿನ ಸಂಖ್ಯೆಯೊಂದಿರುತ್ತದೆ, ಮತ್ತು ನಿಮ್ಮ ಸಂಖ್ಯೆಯನ್ನು ಮಗನೂ ಮಗನ ಸಂಖ್ಯೆಯನ್ನು ನೀವೂ ಒಪ್ಪಿದ ಮೇಲೆಯೇ ಸಂಪರ್ಕ ಏರ್ಪಡುತ್ತದೆ. ಆ ಸಂಖ್ಯೆಯನ್ನು ಫೋನಿನಲ್ಲಿ ಮಗನ ದನಿ ಕೇಳುತ್ತ ಓದಿ ತಾಳೆ ನೋಡುವುದು ಒಳ್ಳೆಯದು. ಮಧ್ಯೆ ವಿದ್ಯುತ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಬದಲಾದ ಚೂರುಗಳನ್ನು ಮಾತ್ರ ಮತ್ತೆ ಕಳುಹಿಸುತ್ತದೆ. ನೇರ ಸಂಪರ್ಕ ಸಿಗದಿದ್ದರೆ ನಡುವಿನ ರಿಲೇ ಸರ್ವರ್ ಮೂಲಕ ಸಾಗುತ್ತದೆ. ಆಗ ವೇಗ ಕಡಿಮೆಯಾಗುತ್ತದೆ, ಆದರೆ ರಿಲೇ ನಡೆಸುವವರಿಗೆ ಒಳಗಿನದನ್ನು ಓದಲು ಆಗುವುದಿಲ್ಲ. ಒಂದು ಎಚ್ಚರಿಕೆ: ಇದು ಎರಡೂ ಕಡೆಯ ಕೋಶಗಳನ್ನು ಒಂದೇ ರೀತಿ ಇಡುವ ತಂತ್ರಾಂಶವಾದ್ದರಿಂದ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ಮೂಲ ಪ್ರತಿಗಳನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಂಡ ಮೇಲೆಯೇ ಆರಂಭಿಸಿ.

ಪ್ರಶ್ನೆ: ಟೊರೆಂಟ್ ಬಳಸುವುದೇ ಕಾನೂನುಬಾಹಿರವೇ?
— ಓದುಗರು, ಮೈಸೂರು

ಉತ್ತರ: ಅಲ್ಲ. ಹಕ್ಕುದಾರರ ಅನುಮತಿಯಿಲ್ಲದೆ ಚಲನಚಿತ್ರ, ಪುಸ್ತಕಗಳನ್ನು ಹಂಚುವುದು 1957ರ ಕೃತಿಸ್ವಾಮ್ಯ ಕಾಯಿದೆಯಡಿ ಅಪರಾಧ. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವವರು ಅದೇ ಹೊತ್ತಿಗೆ ಇತರರಿಗೆ ಕೊಡುತ್ತಲೂ ಇರುತ್ತಾರೆ ಎಂಬುದನ್ನು ಮರೆಯಬಾರದು.

ಪ್ರಶ್ನೆ: ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿರುವ ಹಳೆಯ ಕನ್ನಡ ಪುಸ್ತಕಗಳನ್ನು ನಮ್ಮ ಊರಿನ ಗ್ರಂಥಾಲಯಕ್ಕಾಗಿ ಸಂಗ್ರಹಿಸುತ್ತಿದ್ದೇನೆ. ದೊಡ್ಡ ಕಡತಗಳು ಅರ್ಧಕ್ಕೇ ನಿಲ್ಲುತ್ತವೆ. ಅಲ್ಲಿರುವ ಟೊರೆಂಟ್ ಕೊಂಡಿಯಿಂದ ಅನುಕೂಲವಾದೀತೇ?
— ಗ್ರಂಥಪಾಲಕರು, ಕೊಪ್ಪಳ

ಉತ್ತರ: ಖಂಡಿತ ಆಗುತ್ತದೆ. ಆರ್ಕೈವ್ 2012ರಿಂದ ಟೊರೆಂಟ್ ಕೊಂಡಿಗಳನ್ನು ಕೊಡುತ್ತಿದೆ, ಅವುಗಳಲ್ಲಿ ಆರ್ಕೈವ್‌ನ ಸರ್ವರ್‌ಗಳೇ ‘ವೆಬ್ ಸೀಡ್’ ಆಗಿ ಸೇರಿವೆ. ಅಂದರೆ ಜಗತ್ತಿನಲ್ಲಿ ಬೇರೆ ಯಾರೂ ಆ ಪುಸ್ತಕವನ್ನು ಹಂಚುತ್ತಿಲ್ಲದಿದ್ದರೂ ತುಣುಕುಗಳು ಅಲ್ಲಿಂದಲೇ ಬರುತ್ತವೆ, ಸಂಪರ್ಕ ಕಡಿದರೆ ಪಡೆದ ತುಣುಕುಗಳು ವ್ಯರ್ಥವಾಗುವುದಿಲ್ಲ. ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳೂ ಅಲ್ಲಿ ಸಿಗುತ್ತವೆ. ಮೊದಲು ಪಿಡಿಎಫ್ ಒಂದನ್ನೇ ಆರಿಸಿಕೊಳ್ಳಿ, ಇಡೀ ಟೊರೆಂಟ್ ಇಳಿಸಿದರೆ ಪುಟಗಳ ಮೂಲಚಿತ್ರಗಳೂ ಸೇರಿ ಗಾತ್ರ ಹಲವು ಪಟ್ಟು ಹೆಚ್ಚಾಗಬಹುದು.

ಆದರೆ ವೆಬ್ ಸೀಡ್ ಒಂದನ್ನೇ ನೆಚ್ಚಿಕೊಂಡರೆ ಅದು ಮತ್ತೆ ಒಂದೇ ಸರ್ವರ್‌ನ ಕಥೆಯಾಗುತ್ತದೆ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಆರ್ಕೈವ್ ಹಲವು ದಿನ ಸ್ಥಗಿತವಾಗಿದ್ದಾಗ, ಬೇರೆಯವರ ಬಳಿ ಪ್ರತಿಯಿಲ್ಲದ ಪುಸ್ತಕಗಳು ಟೊರೆಂಟ್‌ನಲ್ಲಿಯೂ ಸಿಗುವಂತಿರಲಿಲ್ಲ. ಕೃತಿಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ನಿಮ್ಮ ಗ್ರಂಥಾಲಯದ ಒಂದು ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡ ಮೇಲೂ ಹಂಚಿಕೆ ನಿಲ್ಲಿಸಬೇಡಿ. ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಕಳೆದಿದೆಯೇ ಎಂದು ನೋಡಿಕೊಂಡು, ಅಂಥವುಗಳಿಗೆ ಒಂದು ಪ್ರತ್ಯೇಕ ಕೋಶ ಮಾಡಿ, ಅಪ್‌ಲೋಡ್ ಮಿತಿಯನ್ನು ಹಗಲು ಹೊತ್ತು ಕಡಿಮೆಯಾಗಿಯೂ ಗ್ರಂಥಾಲಯ ಮುಚ್ಚಿದ ಮೇಲೆ ಹೆಚ್ಚಾಗಿಯೂ ಇರುವಂತೆ ತಂತ್ರಾಂಶದ ವೇಳಾಪಟ್ಟಿಯಲ್ಲಿ ಹೊಂದಿಸಿ. ಬೀದರಿನಲ್ಲೋ ಬೋಸ್ಟನ್‌ನಲ್ಲೋ ಇನ್ನೊಬ್ಬ ಓದುಗರು ಅದೇ ಪುಸ್ತಕವನ್ನು ಹುಡುಕಿದಾಗ ಕೊಪ್ಪಳದಿಂದಲೂ ಅದರ ತುಣುಕುಗಳು ಹೋಗಲಿ.